ನಾಯಿಗಣ್ಣಿನ ಸೋದರಮಾವ

ನನ್ನ ಸೋದರಮಾವನ ಮೂಗಿನ ಹೊಳ್ಳೆಗಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿದ್ದ ತಮ್ಮ ಜವಳಿ ಅಂಗಡಿಯಲ್ಲಿ ಅವರು ಸೀರೆಯ ಮಡಿಕೆಯನ್ನು ಮೊದಲು ಮೂಗಿಗೆ ಹಿಡಿದು, ಆಮೇಲೆ ಗಿರಾಕಿಯ ಮುಂದೆ ಹರಡುತ್ತಿದ್ದರು. ಗಾದಿಯ ಮೇಲೆ ನೆಮ್ಮದಿಯಾಗಿ ಕೂರುವ ಜಾಯಮಾನವೇ ಅವರದಲ್ಲ. ಕಪಾಟಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಕಪಾಟಿಗೆ ಓಡಾಟ. ಅವರ ಹಿಂದೆ ಒಂದು ಕಂದು ನಾಯಿಯದೂ ಅದೇ ಓಡಾಟ. ಶಿವಪೂಜೆಯ ಮನೆತನದವನು ನಾಯಿಯನ್ನು ಅಂಗಡಿಯೊಳಗೆ ಬಿಟ್ಟುಕೊಂಡನೆಂದು ನೆಂಟರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರು ಯಾರು ಯಾರೆಂಬುದು ನನಗೆ ಇಂದಿಗೂ ನೆನಪಿದೆ.

ಮಾವನಿಗೆ ಕೆಂಪು ಕಾಣುತ್ತಿರಲಿಲ್ಲ. ಕಡುಗೆಂಪು ಅವರ ಕಣ್ಣಿಗೆ ಕಪ್ಪು. ಹಸಿರು ಮತ್ತು ಕಾವಿ ಒಂದೇ ಬಗೆಯ ಮಂಕು. ಹಳದಿ, ನೀಲಿಗಳು ಮಾತ್ರ ನಿಚ್ಚಳ. ಇದು ತಿಳಿದಿದ್ದದ್ದು ಅತ್ತೆಗೆ, ನನ್ನ ತಾಯಿಗೆ ಮತ್ತು ನನಗೆ. ಅತ್ತೆ ಸಂಜೆಯ ಹೊತ್ತು ಬಣ್ಣಕ್ಕೊಂದು ಅರೆಯಂತೆ ಸೀರೆಗಳನ್ನು ಜೋಡಿಸಿಡುತ್ತಿದ್ದರು. ಉಳಿದದ್ದನ್ನು ಮಾವನ ಮೂಗು ನಿಭಾಯಿಸುತ್ತಿತ್ತು. ಒಂದೊಂದು ಬಣ್ಣಕ್ಕೂ ಅವರು ಒಂದೊಂದು ವಾಸನೆ ಗುರುತಿಟ್ಟುಕೊಂಡಿದ್ದರು.

ನನಗೆ ಇದು ಗೊತ್ತಾದದ್ದು ಆ ನಾಯಿಯಿಂದ. ಹೊಳೆನರಸೀಪುರದ ನಮ್ಮ ಮನೆಯಿಂದ ಬೇಸಿಗೆಯಲ್ಲಿ ಅವರಲ್ಲಿಗೆ ಹೋಗಿದ್ದಾಗ, ಮಾವ ಹಿತ್ತಿಲ ಹುಲ್ಲಿನ ಮೇಲೆ ಕೆಂಪು ಬಟ್ಟೆಯ ಚೆಂಡೊಂದನ್ನು ಎಸೆದರು. ಚೆಂಡು ಉರುಳುತ್ತಿರುವವರೆಗೆ ನಾಯಿ ಅದನ್ನು ನೋಡಿತು. ಅದು ನಿಂತೊಡನೆ ಕಳೆದುಕೊಂಡಿತು. ಎದುರಿಗೇ ಬಿದ್ದಿದ್ದ ಚೆಂಡನ್ನು ದಾಟಿ ಹೋಗಿ, ಮರಳಿ ಬಂದು, ಮೂಗನ್ನು ನೆಲಕ್ಕಿಟ್ಟು ಸುತ್ತು ಹಾಕಿ ಹುಡುಕಿತು. ನೀಲಿ ಚೆಂಡನ್ನು ಎಸೆದಾಗ ನೇರವಾಗಿ ಹೋಗಿ ಕಚ್ಚಿ ತಂದಿತು.

"ನೋಡ್ದೇನವ್ವಾ? ನಂಗೂ ಅಂಗೇ ಕಣವ್ವ. ಆ ಕೆಂಪು ಚೆಂಡು ಎಲ್ ಬಿದ್ದೈತೆ ಅಂತ ನಂಗೂ ಕಾಣಾಕಿಲ್ಲ" ಎಂದರು.

"ಅಂಗಾದ್ರೆ ಇದಕ್ಕೆ ಲೋಕ್ವೆಲ್ಲಾ ಮಂಕಾ, ಮಾವ?"

"ಯಾಕಾದದು? ಈ ಬೀದೀಲಿ ನಿನ್ ಕಣ್ಗೆ ಈಗ ಇರೋರು ಮಾತ್ರ ಕಾಣ್ತಾರೆ. ಇದ್ರ ಮೂಗ್ಗೆ ನೆನ್ನೆ ಬಂದ್ ಓದೋರೂ ಸಿಕ್ತಾರೆ. ಅವ್ರಲ್ಲಿ ಯಾರು ಎದ್ರುಕೊಂಡಿದ್ರು ಅನ್ನಾದೂ ಗೊತ್ತಾಯ್ತದೆ."

ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಜರ್ಮನಿಯ ಬಣ್ಣ ಬರುವುದು ನಿಂತಿತು. ನೇಕಾರರು ಕೈಗೆ ಸಿಕ್ಕ ಬಣ್ಣದಲ್ಲಿ ನೂಲು ಅದ್ದತೊಡಗಿದರು. ಮಾವನ ಮೂಗು ನಂಬಿದ್ದ ವಾಸನೆಗಳೆಲ್ಲ ಕಲಸಿಹೋದವು. ಅದೇ ಕಾಲಕ್ಕೆ ಅರಕಲಗೂಡಿನ ಹೊಗೆಸೊಪ್ಪಿನ ವರ್ತಕರ ಮನೆಗೆ ನನ್ನನ್ನು ಕೊಡುವುದೆಂದು ಮಾತಾಯಿತು. ನಮ್ಮಲ್ಲಿ ನಿಶ್ಚಯದಂದು ಹುಡುಗಿ ಉಡುವ ಕೆಂಪು ಸೀರೆಯನ್ನು ಸೋದರಮಾವನೇ ತರಬೇಕು. ಗಂಡಿನ ಕಡೆಯವರ ಎದುರಿನಲ್ಲೇ ಗಂಟು ಬಿಚ್ಚಬೇಕು. ನನ್ನ ಸೀರೆಯನ್ನು ತಾವೇ ಆರಿಸಬೇಕೆಂಬ ಅಕ್ಕರೆಯಿಂದ ಮಾವ, ಅತ್ತೆಗೂ ತೋರಿಸದೆ, ಹೊಸದಾಗಿ ಬಂದ ಮಾಲಿನಿಂದ ಒಂದನ್ನು ಮೂಸಿ ಕಟ್ಟಿ ತಂದರು.

ತಟ್ಟೆಯಲ್ಲಿ ಬಿಚ್ಚಿದಾಗ ಅದು ಕೆಂಪು ಸೀರೆಯಾಗಿರಲಿಲ್ಲ; ಅಚ್ಚ ಕಪ್ಪು.

"ಏನ್ ಸಾವ್ಕಾರ್ರೆ, ನಾವು ನಿಶ್ಚಯಕ್ ಬಂದಿದ್ದೀವೋ, ಸಾವಿನ್ ಮನೆಗ್ ಬಂದಿದ್ದೀವೋ?" ಎಂದು ಗಂಡಿನ ದೊಡ್ಡಪ್ಪ ಕೇಳಿದರು.

ನನ್ನ ತಾಯಿ ಕಂಬದ ಮರೆಯಿಂದ ತಮ್ಮನಿಗೆ ಪಿಸುಗುಟ್ಟಿದರು: "ಅಂಗಡಿ ಆಳು ಕಟ್ಟಿದ್ದು ಅನ್ನೋ." ಅಷ್ಟು ಹೇಳಿದ್ದರೆ ಸಾಕಿತ್ತು; ಸೀರೆ ಬದಲಾಗುತ್ತಿತ್ತು, ನನ್ನ ಮದುವೆ ನಿಲ್ಲುತ್ತಿರಲಿಲ್ಲ. ಮಾವ ಕಂಬದಿಂದ ಬಾಗಿಲಿಗೆ, ಬಾಗಿಲಿನಿಂದ ಕಂಬಕ್ಕೆ ನಡೆದಾಡಿದರು. ಜಮಖಾನದ ಮೇಲೆ ಕುಳಿತವರೆಲ್ಲ ಅವರ ಕಾಲನ್ನೇ ನೋಡುತ್ತಿದ್ದರು. ಕೊನೆಗೆ ಅವರು ನಿಂತರು.

"ನಾನೇ ಕಟ್ಟಿದ್ದು. ಕೆಂಪು ನಂಗೆ ಕಾಣಾಕಿಲ್ಲ. ನಮ್ ನಾಯಿಗೆ ಎಂಗ್ ಕಾಣ್ತದೋ ಅಂಗೇ ನಂಗೂ."

"ಉಟ್ಟಿದಾಗಿಂದ್ಲೂನಾ?" ದೊಡ್ಡಪ್ಪ ಮತ್ತೆ ಕೇಳಿದರು.

"ಊಂ. ನಮ್ಮವ್ವನ ಅಣ್ಣಂಗೂ ಇತ್ತು."

"ಅಂದ್ರೆ ನಾಳೆ ಈ ಉಡ್ಗಿ ಮಕ್ಕಳ್ಗೂ ಬತ್ತದೆ."

"ಬಂದ್ರೂ ಬರ್ಬೋದು."

"ನಾಯಿಗಣ್ಣಿನ್ ಸಂಬಂಧ ನಮಗ್ ಬ್ಯಾಡ" ಎಂದು ದೊಡ್ಡಪ್ಪ ತಾಂಬೂಲದ ತಟ್ಟೆಯನ್ನು ಕಾಲಿನಿಂದ ಸರಿಸಿದರು. ಕಾಲಿನಿಂದ ಎಂಬುದನ್ನು ಒತ್ತಿ ಬರೆಯುತ್ತೇನೆ. ಅವರ ಕನ್ನಡಕದ ಗಾಜು ಸೋಡಾಬಾಟಲಿಯ ತಳದಷ್ಟು ದಪ್ಪವಾಗಿತ್ತು. ಆ ಮಂದದೃಷ್ಟಿ ಯಾರ ಕಡೆಯಿಂದ ಬಂದದ್ದೆಂದು ನಮ್ಮವರೊಬ್ಬರೂ ಕೇಳಲಿಲ್ಲ. ಗಂಡಿನ ಕಡೆಯವರು ಮಾಡಿಟ್ಟಿದ್ದ ಹೋಳಿಗೆಯನ್ನು ಮಾತ್ರ ಬಿಡದೆ ಉಂಡೇ ಎದ್ದು ಹೋದರು.

ತಾಯಿ ಬಹುಕಾಲ ತಮ್ಮನೊಡನೆ ಮಾತು ಬಿಟ್ಟರು. ನಿಜವನ್ನು ಏಕೆ ಹೇಳಿದಿರೆಂದು ನಾನು ಕೇಳಿದಾಗ ಮಾವ ಎಂದರು: "ಮುಚ್ಚಿಟ್ಟಿದ್ರೆ, ನಾಳೆ ನಿನ್ ಮಗಂಗೆ ಬಂದಾಗ ಆ ಮನೆಯೋರೆಲ್ಲ ನಿನ್ ಮ್ಯಾಲೆ ಬೀಳೋರು. ಆಗ ನಾನ್ ಎಲ್ಲಿರ್ತೀನೋ."

ಹಾಸನದವರೊಬ್ಬರು ಎಲ್ಲವನ್ನೂ ಕೇಳಿ ತಿಳಿದೇ ನನ್ನನ್ನು ಮದುವೆಯಾದರು. ನಮ್ಮ ಹಿರಿಯ ಮಗನಿಗೆ ಆ ಕಣ್ಣು ಬಂತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಶಾಲೆಯಲ್ಲಿ ಬಾವುಟಕ್ಕೆ ಬಣ್ಣ ತುಂಬುವಾಗ ಅವನು ಹಸಿರನ್ನು ಮೇಲಕ್ಕೂ ಕೇಸರಿಯನ್ನು ಕೆಳಕ್ಕೂ ಹಚ್ಚಿದ. ಮೇಷ್ಟ್ರು ಅದನ್ನು ಬೇಕೆಂದೇ ಮಾಡಿದ ಅಪಚಾರವೆಂದು ತಿಳಿದು, ಮರುದಿನ ಎಲ್ಲರೆದುರು ಬೆತ್ತದ ರುಚಿ ತೋರಿಸುವುದಾಗಿ ಹೇಳಿ ಕಳುಹಿಸಿದರು. ನನ್ನ ಪತಿ ಹೋಗಿ ವಿವರಿಸಿದರೂ ಅವರು ನಂಬಲಿಲ್ಲ. ಮಕ್ಕಳನ್ನು ಕೆಡಿಸುವವರೇ ತಂದೆತಾಯಿಗಳೆಂದು ನುಡಿದರಂತೆ. ಅದನ್ನೂ ನಾನು ಮರೆತಿಲ್ಲ.

ಸಂಜೆಯ ಬಸ್ಸಿನವನ ಕೈಯಲ್ಲಿ ನಾನು ಹೇಳಿ ಕಳುಹಿಸಿದ ಸುದ್ದಿ ತಿಳಿದು ಮಾವ ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದರು. ನಾನೂ ಜೊತೆಗೆ ಹೋದೆ. ಶಾಲೆಯ ಜಗಲಿಯಲ್ಲಿ ಅತ್ತಿಂದಿತ್ತ ಓಡಾಡಿ, ಪೇಟವನ್ನು ಸರಿಪಡಿಸಿಕೊಂಡು ಒಳಹೊಕ್ಕರು.

"ಉಡ್ಗನ್ನ ಒಡೀಬ್ಯಾಡಿ ಸಾ. ಅವಂದು ನನ್ ಕಣ್ಣು."

ಮೇಷ್ಟ್ರು ಪರೀಕ್ಷೆಗೆಂದು ಬಣ್ಣದ ಸೀಮೆಸುಣ್ಣದ ಎರಡು ತುಂಡು ಹಿಡಿದರು. ಮಾವ ಎರಡನ್ನೂ ತಪ್ಪಾಗಿ ಹೇಳಿದರು. ಹುಡುಗರು ನಕ್ಕರು. ನಗು ಅಡಗುವವರೆಗೆ ಮಾವ ಅಲ್ಲೇ ನಿಂತಿದ್ದರು. ಮೇಷ್ಟ್ರು ಬೆತ್ತವನ್ನು ಮೇಜಿನೊಳಗಿಟ್ಟರು.

ಬಸ್ ನಿಲ್ದಾಣದ ದಾರಿಯಲ್ಲಿ ಮಾವ ಬಲಗೈಯ ಸೊಟ್ಟ ಬೆರಳನ್ನು ತೋರಿಸಿದರು. "ಕೂಲಿಮಠದಲ್ಲಿ ಅಣ್ಣಾಗಿರೋ ಮೆಣಸಿನ್ಕಾಯಿ ಕಿತ್ಕೊಂಡ್ ಬಾ ಅಂದಿದ್ರು. ಅಸೀ ಕಾಯಿ ತಂದ್ಬುಟ್ಟಿದ್ದೆ. ಆವಾಗ ಮುರಿದಿದ್ದು ಕಣವ್ವ."

"ಮುರಿದೋರ್ ಯಾರು, ಮಾವ?"

"ಅವ್ರೂ ಓದ್ರು. ಬುಡವ್ವ."

ಮರುವರ್ಷ ಮಾವನೂ ಹೋದರು. ಆ ಮಠದಲ್ಲಿ ಪಾಠ ಹೇಳುತ್ತಿದ್ದ ಅಯ್ಯನವರು ಯಾರೆಂದು ಚನ್ನರಾಯಪಟ್ಟಣದ ಹಳಬರನ್ನೆಲ್ಲ ವಿಚಾರಿಸಿದೆ. ಹೆಸರು ಇನ್ನೂ ಸಿಕ್ಕಿಲ್ಲ. ನನ್ನ ಮಗನ ಬೆರಳುಗಳೆಲ್ಲ ನೆಟ್ಟಗಿವೆ.