ವೆದರ್ ಬೇಕಾದಲ್ಲಿ ದಟ್ ಬರೆದೆ

ಮದುವೆಯಾಗಿ ಭದ್ರಾವತಿಯ ಜನ್ನಾಪುರಕ್ಕೆ ಬಂದಾಗ, ನಮ್ಮ ಸಾಲಿನ ಹೆಂಗಸರಲ್ಲಿ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ಅಪ್ಪ ಶಿವಮೊಗ್ಗದಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು. ನನಗೂ ಮನೆಯಲ್ಲೇ ವ್ಯಾಕರಣ ಕಲಿಸಿದ್ದರು.

ಪಕ್ಕದ ಮನೆಯ ಅಕ್ಕನ ಗಂಡ ಸೈನ್ಯದಲ್ಲಿ ಲಾರಿ ಓಡಿಸಲು ಬರ್ಮಾಕ್ಕೆ ಹೋಗಿದ್ದ. ಅಲ್ಲಿಗೆ ಜಪಾನಿನವರು ನುಗ್ಗಿದ ಮೇಲೆ ಅವನ ಕಾಗದ ನಿಂತುಹೋಯಿತು. ಒಂದು ಮಧ್ಯಾಹ್ನ ಅಕ್ಕ ಸೈನ್ಯದ ಕಚೇರಿಯ ವಿಳಾಸ ಹಿಡಿದುಕೊಂಡು ಬಂದಳು.

"ಅವರು ಬದುಕಿದ್ದಾರೋ ಇಲ್ವೋ, ಅಷ್ಟು ಕೇಳಿ ಬರೆದುಕೊಡು ಮಾರಾಯ್ತಿ. ಗಂಡಸರ ಹತ್ರ ಹೋದ್ರೆ ಬೀದಿಗೆಲ್ಲ ಗೊತ್ತಾಗುತ್ತೆ."

"ದಯವಿಟ್ಟು ತಿಳಿಸಿ" ಎನ್ನುವವರೆಗೆ ಇಂಗ್ಲಿಷ್ ಸಲೀಸಾಗಿ ಬಂತು. ಅಲ್ಲಿಗೆ ಪೆನ್ನು ನಿಂತಿತು. ಮುಂದಿನ ಮಾತನ್ನು ಇದಕ್ಕೆ ಜೋಡಿಸಲು ನಡುವೆ ಒಂದು ಪದ ಬೇಕು. ದಟ್ ಅಂದರೆ 'ಎಂದು', ಇಫ್ ಅಂದರೆ 'ಇದ್ದರೆ', ವೆದರ್ ಅಂದರೆ 'ಹೌದೋ ಅಲ್ಲವೋ', ಮೂರೂ ನನಗೆ ಬಾಯಿಪಾಠ. ಇಫ್ ಹಾಕಿದರೆ "ಬದುಕಿದ್ದರೆ ಮಾತ್ರ ತಿಳಿಸಿ" ಎಂದಾಗಿಬಿಟ್ಟರೆ ಎಂದು ಹೆದರಿದೆ. ವೆದರ್ ಹಾಕಿದರೆ ಹಿಂದೆಯೇ "ಅಥವಾ ಇಲ್ಲವೋ" ಎಂದೂ ಬರೆಯಬೇಕು ಎಂದುಕೊಂಡಿದ್ದೆ. ಅಕ್ಕ ಎದುರಿಗೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಹಣೆಯ ತುಂಬ ಕುಂಕುಮ. "ಇಲ್ಲವೋ" ಎಂದು ಬರೆಯಲು ಕೈ ಬರಲಿಲ್ಲ. ದಟ್ ಹಾಕಿ ಮುಗಿಸಿದೆ.

ಎಷ್ಟೋ ವಾರಗಳ ಮೇಲೆ ಒಂದೇ ಸಾಲಿನ ಉತ್ತರ ಬಂತು. ಅವನು ಬದುಕಿದ್ದಾನೆಂದು ತಿಳಿಸಲು ಸಾಧ್ಯವಿಲ್ಲ.

"ಏನಂತೆ?" ಎಂದಳು ಅಕ್ಕ.

"ಪೂರ್ತಿ ಅರ್ಥ ಆಗ್ಲಿಲ್ಲ ಅಕ್ಕ. ಅಪ್ಪನ ಹತ್ರ ಓದಿಸ್ಕೊಂಡು ಬರ್ತೀನಿ."

ಮರುದಿನವೇ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದೆ. ಅಪ್ಪ ಕಾಗದ ಓದಿ, ನಾನು ಬರೆದದ್ದು ಏನೆಂದು ಕೇಳಿದರು. ಹೇಳಿದೆ.

"ಬದುಕಿದ್ದಾನೆ ಅಂತ ತಿಳಿಸಿ ಅಂದಿದ್ದೀಯ. ಆಗಲ್ಲ ಅಂದಿದ್ದಾರೆ."

"ಅಂದ್ರೆ ಸತ್ತಿದ್ದಾರೆ ಅಂತಲಾ?"

"ಅದನ್ನ ನೀನು ಕೇಳಲೇ ಇಲ್ವಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ಅವರೇ ಹಾಳೆ ತೆಗೆದು, ವೆದರ್ ಹಾಕಿ ಹೊಸ ಕಾಗದ ಬರೆದುಕೊಟ್ಟರು.

ಅದನ್ನು ಅಂಚೆಗೆ ಹಾಕಿ, ಮತ್ತೆ ಕೇಳಿ ಬರೆದಿದ್ದೇವೆ ಎಂದಷ್ಟೇ ಅಕ್ಕನಿಗೆ ಹೇಳಿದೆ. ಉತ್ತರ ಬರುವವರೆಗೆ ಅವಳ ಕಣ್ಣಿಗೆ ಬೀಳದಂತೆ ಓಡಾಡಿದೆ. ನಲ್ಲಿಯ ಹತ್ತಿರ ಸಿಕ್ಕರೆ ಅವಳು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಬರೀ ನೋಡುತ್ತಿದ್ದಳು. ಕೊನೆಗೂ ಬಂದ ಕಾಗದದಲ್ಲಿ, ಅವನು ಕಾಣೆಯಾದವರ ಪಟ್ಟಿಯಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ತಮಗೂ ತಿಳಿದಿಲ್ಲ ಎಂದಿತ್ತು. ಈ ಸಲ ಒಂದು ಪದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ದಟ್ ಎಂದು ಬರೆದ ನನ್ನ ತಪ್ಪನ್ನೂ ಹೇಳಿದೆ.

ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಹಾಗಾದ್ರೆ ನಾನೀಗ ಏನು ಮಾಡ್ಲಿ?" ಎಂದಳು.

ಎರಡು ತಿಂಗಳಾದ ಮೇಲೆ ಅವಳ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ. ಹೊರಡುವಾಗ ಅವಳು ಸೈನ್ಯದ ಕಚೇರಿಯಿಂದ ಬಂದ ಎರಡೂ ಕಾಗದಗಳನ್ನು ನನ್ನ ಕೈಯಲ್ಲಿಟ್ಟಳು.

"ನಿನ್ನ ಹತ್ರಾನೇ ಇರ್ಲಿ. ನನಗೆ ಓದೋಕೆ ಬರಲ್ಲ."

ಬೇಡವೆನ್ನಲು ಆಗದೆ ತೆಗೆದುಕೊಂಡೆ.