ನಿಮಿಷಕ್ಕೆ ಸಾವಿರ ಲೀಟರ್

ನಾನು ಮುನ್ನೂರ ಇಪ್ಪತ್ತನಾಲ್ಕು ಲೀಟರ್ ಪೆಟ್ರೋಲ್ ಕದ್ದಿದ್ದೇನೆ ಎಂದು ಡಿಪೋ ಮ್ಯಾನೇಜರ್ ಉಳಿದ ಹನ್ನೊಂದು ಜನ ಟ್ಯಾಂಕರ್ ಡ್ರೈವರುಗಳ ಎದುರಿಗೆ ಹೇಳಿದ. ಕದ್ದಿಲ್ಲ ಎಂದು ಗೊತ್ತಾದ ಮೇಲೂ ಆ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಎಂಟು ವರ್ಷವಾಯಿತು. ಅವನ ಕಾರು ಎದುರಿಗೆ ಬಂದರೆ ಈಗಲೂ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ಇರಲಿ, ನಾನು ಬರೆಯಲು ಕುಳಿತದ್ದು ಅವನ ವಿಷಯವಲ್ಲ, ಸ್ಲೇಟಣ್ಣನ ವಿಷಯ.

ಸ್ಲೇಟಣ್ಣ ನಮ್ಮ ಡಿಪೋದಲ್ಲಿ ಪೆಟ್ರೋಲ್ ಪರೀಕ್ಷೆ ಮಾಡುತ್ತಿದ್ದವನು. ಸಣ್ಣ ಆಳು, ಮೊಣಕೈವರೆಗೆ ಮಡಚಿದ ಅಂಗಿ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಟ್ಯಾಂಕರಿಗೆ ತುಂಬುವ ಕೊಳವೆಗೆ ಆಗಷ್ಟೇ ಹೊಸ ಮೀಟರ್ ಕೂರಿಸಿದ್ದರು. ನಿಮಿಷಕ್ಕೆ ಎಷ್ಟು ಕಿಲೋ ಪೆಟ್ರೋಲ್ ಹರಿಯುತ್ತಿದೆ ಎಂದು ಅದು ತೋರಿಸುತ್ತಿತ್ತು. ಆದರೆ ಚೀಟಿ ಬರೆಯುವುದು ಲೀಟರಿನಲ್ಲಿ, ಬಂಕಿನವರು ಅಳೆದು ಇಳಿಸಿಕೊಳ್ಳುವುದೂ ಲೀಟರಿನಲ್ಲೇ. ಅದಕ್ಕೆ ಸ್ಲೇಟಣ್ಣ ದಿನಾ ಬೆಳಿಗ್ಗೆ ಉದ್ದನೆಯ ಜಾಡಿಯಲ್ಲಿ ಪೆಟ್ರೋಲ್ ಹಿಡಿದು ಒಂದು ಗಾಜಿನ ಕಡ್ಡಿಯನ್ನು ತೇಲಿಬಿಡುತ್ತಿದ್ದ. ಅದು ಎಷ್ಟು ಮುಳುಗಿತು ಎಂದು ಬಗ್ಗಿ ನೋಡಿ, ಇವತ್ತಿನ ಪೆಟ್ರೋಲ್ ಲೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ಕಿಟಕಿಯ ಪಕ್ಕದ ಸ್ಲೇಟಿನ ಮೇಲೆ ಬರೆಯುತ್ತಿದ್ದ. ಮೀಟರಿನ ಕಿಲೋವನ್ನು ಆ ಅಂಕಿಯಿಂದ ಭಾಗಿಸಿ ಗುಮಾಸ್ತ ಲೀಟರ್ ಮಾಡುತ್ತಿದ್ದ.

ನಾನು ಭಾಗಾಕಾರ ಶುರುವಾದ ವರ್ಷವೇ ಶಾಲೆ ಬಿಟ್ಟವನು. ಒಂದೇ ಅಂಕಿ ಬರೆದು ಬಿಟ್ಟರೆ ಆಗದೇ, ದಿನಾ ಯಾಕೆ ನಮ್ಮನ್ನು ಕಾಯಿಸುತ್ತೀಯ ಎಂದು ರೇಗುತ್ತಿದ್ದೆ. ಅವನು ನನ್ನನ್ನು ಕರೆಯುತ್ತಿದ್ದದ್ದೇ ಸಿಡುಕಪ್ಪ ಎಂದು.

“ಸಿಡುಕಪ್ಪಾ, ಒಂದು ಬಕೆಟ್ ಮರಳು ಎತ್ತು, ಒಂದು ಬಕೆಟ್ ಮರದ ಹೊಟ್ಟು ಎತ್ತು. ಬಕೆಟ್ಟು ಒಂದೇ, ಸೊಂಟಕ್ಕೆ ಗೊತ್ತಾಗಲ್ವಾ? ಪೆಟ್ರೋಲೂ ಹಾಗೇ. ಬಿಸಿಲಿಗೆ ಹಿಗ್ಗುತ್ತೆ, ಹಗುರ ಆಗುತ್ತೆ. ಒಂದು ಟ್ಯಾಂಕಿಂದು ಇನ್ನೊಂದರ ಹಾಗೆ ಇರಲ್ಲ. ನಿನ್ನ ತಲೆ ಮಾತ್ರ ವರ್ಷವೆಲ್ಲಾ ಒಂದೇ ತೂಕ.”

ಆ ವರ್ಷ ಒಂದೂವರೆ ತಿಂಗಳು ಒಂದೇ ದೊಡ್ಡ ಟ್ಯಾಂಕಿನಿಂದ ತುಂಬುತ್ತಿದ್ದರು. ಸ್ಲೇಟಿನಲ್ಲಿ ದಿನಾ ಏಳುನೂರ ಇಪ್ಪತ್ತು ಗ್ರಾಂ ಆಸುಪಾಸೇ. ಮೀಟರೂ ನಿಮಿಷಕ್ಕೆ ಏಳುನೂರ ಇಪ್ಪತ್ತು ಕಿಲೋ ತೋರಿಸುತ್ತಿತ್ತು. ಭಾಗಿಸಿದರೆ ನಿಮಿಷಕ್ಕೆ ಸರಿಯಾಗಿ ಸಾವಿರ ಲೀಟರ್. ನಮಗೆಲ್ಲ ಅದೇ ಬಾಯಿಪಾಠವಾಯಿತು. ಹನ್ನೆರಡು ನಿಮಿಷ ತುಂಬಿದರೆ ಹನ್ನೆರಡು ಸಾವಿರ. ಗುಮಾಸ್ತ ಗಡಿಯಾರ ನೋಡಿ ಚೀಟಿ ಹರಿದು ಕೊಡುವ ಮಟ್ಟಕ್ಕೆ ಬಂದ. ಹೊರಡುವ ಮುಂಚೆ ಟ್ಯಾಂಕರಿಗೆ ಅಳತೆಯ ಕೋಲು ಇಳಿಸಿ ನೋಡುವುದನ್ನು ಮೀಟರ್ ಬಂದ ದಿನವೇ ಬಿಟ್ಟಿದ್ದೆವು.

ಅಷ್ಟರಲ್ಲಿ ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಫೋನ್ ಬಂದು ಸ್ಲೇಟಣ್ಣ ಒಂದು ದಿನ ರಜೆ ಹಾಕಿದ. ಅದೇ ಬೆಳಿಗ್ಗೆ ಹಳೆಯ ಟ್ಯಾಂಕ್ ಖಾಲಿಯಾಗಿ ಹೊಸದನ್ನು ತೆರೆದರು. ಕಡ್ಡಿ ಇಳಿಬಿಡುವವರು ಯಾರೂ ಇರಲಿಲ್ಲ. ಸ್ಲೇಟಿನ ಮೇಲೆ ಹಿಂದಿನ ದಿನದ ಏಳುನೂರ ಇಪ್ಪತ್ತೇ ಇತ್ತು. ನನ್ನದೇ ಮೊದಲ ಗಾಡಿ. ಹನ್ನೆರಡು ನಿಮಿಷ ತುಂಬಿಸಿಕೊಂಡು, ಹನ್ನೆರಡು ಸಾವಿರದ ಚೀಟಿ ಜೇಬಿಗಿಟ್ಟುಕೊಂಡು ಹೊರಟೆ. ಬಂಕಿನವನು ಕೋಲು ಇಳಿಸಿ ನೋಡಿದರೆ ಮುನ್ನೂರ ಇಪ್ಪತ್ತನಾಲ್ಕು ಲೀಟರ್ ಕಡಿಮೆ.

ಡಿಪೋಗೆ ವಾಪಸ್ ಬರುವಷ್ಟರಲ್ಲಿ ಬಂಕಿನವನ ಫೋನ್ ಬಂದಿತ್ತು. ಮ್ಯಾನೇಜರ್ ಆ ಮಾತು ಆಡಿದ್ದು ಆಗಲೇ. ನನ್ನ ಗೇಟ್ ಪಾಸ್ ಕಿತ್ತುಕೊಂಡ. ಆ ಪಾಸಿಲ್ಲದೆ ಯಾವ ಡಿಪೋದವರೂ ನನ್ನ ಗಾಡಿಯನ್ನು ಒಳಗೆ ಬಿಡುವುದಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಅಲ್ಲಿಗೆ ಮುಗಿದ ಹಾಗೆ. ಮನೆಯಲ್ಲಿ ವಿಷಯ ಕೇಳಿದ ಹೆಂಡತಿ, ಯಾರನ್ನಾದರೂ ಹೊಡೆದು ಬಂದಿಲ್ಲ ತಾನೇ ಎಂದಷ್ಟೇ ವಿಚಾರಿಸಿದಳು. ಹೊಡೆದಿರಲಿಲ್ಲ.

ಮರುದಿನ ಪಾಸಿಲ್ಲದೆಯೇ ಒಳಗೆ ನುಗ್ಗಿದೆ. ಸ್ಲೇಟಣ್ಣ ಮೊಮ್ಮಗಳು ಹುಟ್ಟಿದ ಖುಷಿಯಲ್ಲಿ ನಗುತ್ತಾ ಗಾಜಿನ ಕಡ್ಡಿ ಒರೆಸುತ್ತಿದ್ದ. ಆ ನಗು ನೋಡಿ ನನ್ನ ಮೈ ಉರಿಯಿತು. ನಿನ್ನ ಹಾಳು ಅಂಕಿ ನನ್ನ ಅನ್ನ ಕಿತ್ತುಕೊಂಡಿತು ಎಂದು ಕಿರುಚಿ ಅವನ ಕೈಗೇ ಹೊಡೆದೆ. ಕಡ್ಡಿ ಸಿಮೆಂಟಿನ ಮೇಲೆ ಬಿದ್ದು ಚೂರಾಯಿತು. ಅದು ಡಿಪೋದ್ದಲ್ಲ, ಅವನದೇ. ಕೆಲಸಕ್ಕೆ ಸೇರಿದಾಗ ಸ್ವಂತಕ್ಕೆ ಕೊಂಡದ್ದು. ರಾತ್ರಿ ಅದನ್ನು ಹತ್ತಿಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದ.

ಅವನು ಬಯ್ಯಲಿಲ್ಲ. ಏನಾಯಿತು, ಎಷ್ಟು ನಿಮಿಷ ತುಂಬಿದರು, ಎಷ್ಟು ಕಡಿಮೆ ಬಂತು ಎಂದು ಒಂದೊಂದೇ ಕೇಳಿದ. ಬೀರುವಿನಿಂದ ಡಿಪೋದ ಹಳೆಯ ಕಡ್ಡಿ ತಂದು ಹೊಸ ಟ್ಯಾಂಕಿನ ಪೆಟ್ರೋಲಿನಲ್ಲಿ ತೇಲಿಬಿಟ್ಟ. ಲೀಟರಿಗೆ ಏಳುನೂರ ನಲವತ್ತು ಗ್ರಾಂ. ಸ್ಲೇಟನ್ನು ಹೊತ್ತುಕೊಂಡು ಮ್ಯಾನೇಜರ್ ಕೋಣೆಗೆ ಹೋದ, ಹಿಂದೆ ನಾನು.

“ನಿಮಿಷಕ್ಕೆ ಏಳುನೂರ ಇಪ್ಪತ್ತು ಕಿಲೋ ಹರಿದದ್ದು ನಿಜ ಸಾರ್. ಆದರೆ ಇದು ಭಾರದ ಪೆಟ್ರೋಲು. ಲೀಟರ್ ಲೆಕ್ಕಕ್ಕೆ ಸಾವಿರ ಆಗಲ್ಲ, ಒಂಬೈನೂರ ಎಪ್ಪತ್ತಮೂರೇ. ಹನ್ನೆರಡರಿಂದ ಗುಣಿಸಿ. ಹನ್ನೊಂದು ಸಾವಿರದ ಆರುನೂರ ಎಪ್ಪತ್ತಾರು. ಬಂಕಲ್ಲಿ ಇಳಿದದ್ದೂ ಅಷ್ಟೇ. ಇವನು ಒಂದು ಹನಿ ಮುಟ್ಟಿಲ್ಲ.”

ಮ್ಯಾನೇಜರ್ ತಾನೇ ಒಮ್ಮೆ ಭಾಗಿಸಿ, ಗುಣಿಸಿ ನೋಡಿದ. ಆಮೇಲೆ, ಹಾಗಾದರೆ ತಪ್ಪು ಯಾರದು ಎಂದ. ರಜೆಗೆ ಸಹಿ ಹಾಕಿ, ಬದಲಿ ಆಳನ್ನು ಇಡದೆ ಇದ್ದವನು ಅವನೇ. ಅದನ್ನು ಹೇಳಲು ನನ್ನ ಬಾಯಿ ತುರಿಸುತ್ತಿತ್ತು. ಸ್ಲೇಟಣ್ಣ ನನ್ನ ಕಾಲನ್ನು ಮೆಲ್ಲಗೆ ತುಳಿದ.

“ನಂದೇ ಸಾರ್. ಟ್ಯಾಂಕ್ ಬದಲಾಗುತ್ತೆ ಅಂತ ಗೊತ್ತಿತ್ತು. ಅಂಕಿ ಅಳಿಸಿ ಹೋಗಬೇಕಿತ್ತು. ಅವನ ಪಾಸ್ ಕೊಟ್ಟುಬಿಡಿ.”

ಪಾಸು ಮೇಜಿನ ಮೇಲೆ ಜಾರಿಕೊಂಡು ಬಂತು. ವಾರದೊಳಗೆ ಸ್ಲೇಟಣ್ಣನನ್ನು ಗೇಟಿನ ಕೆಲಸಕ್ಕೆ ಹಾಕಿದರು. ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಅಷ್ಟು ದಿನವೂ ಬರುವ ಹೋಗುವ ಗಾಡಿಗಳ ನಂಬರ್ ಬರೆದುಕೊಂಡು ಕೂತ. ನನ್ನ ಗಾಡಿ ನಿಂತಾಗಲೆಲ್ಲ, ಇವತ್ತು ಸಿಡುಕು ಎಷ್ಟು ಡಿಗ್ರಿ ಎಂದು ಕೇಳುತ್ತಿದ್ದ. ನಾನು ಹೂಂ ಎಂದು ಗೇರ್ ಹಾಕುತ್ತಿದ್ದೆ.

ಒಂದು ದಿನ ಒಡೆದ ಕಡ್ಡಿಗೆ ಬದಲಿ ಕೊಳ್ಳಲು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಥ ಕಡ್ಡಿಗಳಲ್ಲಿ ನಾಲ್ಕೈದು ಬಗೆ ಇವೆ, ನಿಮಗೆ ಎಷ್ಟರಿಂದ ಎಷ್ಟರವರೆಗೆ ಗೀಟಿರುವುದು ಬೇಕು ಎಂದು ಅಂಗಡಿಯವನು ಕೇಳಿದ. ನನಗೆ ಗೊತ್ತಿರಲಿಲ್ಲ. ಸ್ಲೇಟಣ್ಣನನ್ನು ಕೇಳಬೇಕು. ಕೇಳಿದರೆ ಯಾಕೆ ಎನ್ನುತ್ತಾನೆ, ಆಗ ತಪ್ಪಾಯಿತು ಎನ್ನಬೇಕು. ನನ್ನ ಬಾಯಿಗೆ ಬೈಗುಳ ಬಂದಷ್ಟು ಸಲೀಸಾಗಿ ಆ ಮಾತು ಬರುವುದಿಲ್ಲ. ನಾಳೆ ಕೇಳೋಣ, ಸೋಮವಾರ ಕೇಳೋಣ ಎಂದುಕೊಂಡೇ ಹದಿನಾಲ್ಕು ತಿಂಗಳು ಗೇಟು ದಾಟಿದೆ.

ಅವನ ಕೆಲಸದ ಕೊನೆಯ ದಿನ ನಾನು ದೂರದ ಲೋಡಿಗೆ ಹೋಗಿದ್ದೆ. ತಿರುಗಿ ಬಂದಾಗ ಗೇಟಿನಲ್ಲಿ ಬೇರೆಯವನಿದ್ದ. ಸ್ಲೇಟಣ್ಣ ಮಗಳ ಊರಿಗೆ ಹೋದನಂತೆ. ಅವನ ಫೋನ್ ನಂಬರ್ ನನ್ನ ಹತ್ತಿರ ಇದೆ. ಕಡ್ಡಿಯನ್ನು ಇನ್ನೂ ಕೊಂಡಿಲ್ಲ.