ಬೀಳದ ಗೋಡೆಗೆ ದೂರಿಲ್ಲ

ಉತ್ತರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಮುನಿಲಕ್ಷ್ಮಮ್ಮ ಅಲ್ಲಿಗೆ ಸೊಸೆಯಾಗಿ ಬಂದವರು. ರಾಗಿ ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೆ, ಗಂಡ ಉಳಿದ ತುಂಡಿನಲ್ಲಿ ಕಟ್ಟಿಸಿಟ್ಟು ಹೋದ ಸಾಲುಮನೆಗಳ ಬಾಡಿಗೆಯೇ ಅವರಿಗೆ ಆಧಾರ. ಬಾಡಿಗೆದಾರರ ಮೇಲೆ ಬಾಯಿ ಜೋರು. ಯಾರಿಗಾದರೂ ಹೆರಿಗೆಯಾದರೆ ಬಾಣಂತಿಗೆ ನೀರು ಕಾಯಿಸುವವರೂ ಅವರೇ.

ಪಕ್ಕದ ಸೈಟು ಕೊಂಡ ಬಿಲ್ಡರ್ ಶಿವರಾಮ್, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆಂದು ಜೆಸಿಬಿ ಇಳಿಸಿದ. ಸಾಲುಮನೆಯ ಗೋಡೆಯ ಬುಡದವರೆಗೂ ಮಣ್ಣು ಕಡಿಸಿದ. ಒಂದು ಬೆಳಗ್ಗೆ ಕೊನೆಯ ಮನೆಯ ಅಡುಗೆಕೋಣೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಾಣಿಸಿತು. ಅಲ್ಲಿದ್ದವಳು ಗಾರ್ಮೆಂಟ್ಸ್ ಕೆಲಸದ ಸೌಮ್ಯ, ಹಸುಗೂಸಿನ ತಾಯಿ.

ಮುನಿಲಕ್ಷ್ಮಮ್ಮ ಆ ಭಾಗದ ಪಾಲಿಕೆ ಇಂಜಿನಿಯರ್ ಬಳಿಗೆ ಓಡಿದರು.

“ಗೋಡೆ ಬಿದ್ದಿದ್ಯಾಮ್ಮ?” ಎಂದ ಆತ.

“ಬೀಳೋ ಹಂಗೈತೆ ಸಾರ್. ಒಂದ್ಸಲ ಬಂದು ನೋಡಿ.”

“ಬೀಳೋ ಹಂಗಿರೋದಕ್ಕೆಲ್ಲ ಆಕ್ಷನ್ ತಗೊಳಕ್ಕಾಗಲ್ಲ. ಏನಾದ್ರೂ ಆದ್ರೆ ಬನ್ನಿ, ಆಗ ಬಿಡಲ್ಲ ಅವ್ನನ್ನ.”

ಪೊಲೀಸ್ ಸ್ಟೇಷನ್ನಿನಲ್ಲೂ ಅದೇ ಮಾತು. ಅಲ್ಲಿ ಶಿವರಾಮ್ ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಹೀರುತ್ತಿದ್ದ. ಮುನಿಲಕ್ಷ್ಮಮ್ಮ ಬಂದ ಕಾಲಲ್ಲೇ ತಿರುಗಿದರು.

ಮನೆಗೆ ಬಂದವರೇ ಬಾಡಿಗೆದಾರರೆಲ್ಲರ ಪಾತ್ರೆಪಡಗ ಅಂಗಳಕ್ಕೆ ಹೊತ್ತು ಹಾಕತೊಡಗಿದರು. “ಇವತ್ತೇ ಖಾಲಿ ಮಾಡ್ರಿ!”

“ನಿಮ್ಗೆ ಮನುಷ್ಯತ್ವ ಇದ್ಯಾ ಆಂಟಿ? ಕೂಸು ಎತ್ಕೊಂಡು ಎಲ್ಲಿಗೆ ಹೋಗ್ಲಿ?” ಸೌಮ್ಯ ಅತ್ತಳು, ಶಾಪ ಹಾಕಿದಳು.

“ಬೈಕೋ. ಬದುಕಿದ್ರೆ ತಾನೆ ಬಯ್ಯೋದು.” ಅಂಗಳದಾಚೆಯ ತಮ್ಮ ಮನೆಯಲ್ಲೇ ಅವಳಿಗೆ ಜಾಗ ಮಾಡಿಕೊಟ್ಟರು. ಉಳಿದವರು ಗೊಣಗುತ್ತ ನೆಂಟರಿಷ್ಟರ ಮನೆ ಸೇರಿಕೊಂಡರು.

ಆ ವಾರವೇ ಹೊಯ್ದ ಮಳೆಗೆ, ಒಂದು ಮಧ್ಯಾಹ್ನ, ಸಾಲುಮನೆಗಳು ಗುಂಡಿಗೆ ಜಾರಿದವು. ಸೌಮ್ಯಳ ಅಡುಗೆಕಟ್ಟೆ ಕೆಸರಿನಲ್ಲಿ ಮಗುಚಿಕೊಂಡಿತ್ತು. ಅವಳು ಮಗುವನ್ನು ಅವುಚಿಕೊಂಡು ಮುನಿಲಕ್ಷ್ಮಮ್ಮನ ಹೆಗಲಿಗೆ ಮುಖವಿಟ್ಟಳು.

ಸ್ಥಳಕ್ಕೆ ಬಂದ ಇನ್ಸ್‌ಪೆಕ್ಟರ್ ಗುಂಡಿಗೊಮ್ಮೆ ಇಣುಕಿದ. “ಯಾರ್ಗೂ ಏಟಾಗಿಲ್ವಲ್ಲಮ್ಮ, ಪುಣ್ಯವಂತರು ನೀವು. ಸಾವುಗೀವು ಆಗಿದ್ರೆ ಕೇಸ್ ಗಟ್ಟಿ ನಿಲ್ತಿತ್ತು. ಈಗ ಸುಮ್ನೆ ಕೂತು ರಾಜಿ ಮಾಡ್ಕೊಳಿ.”

“ಅಂದ್ರೆ ಕೂಸನ್ನ ಒಳಗೇ ಬಿಡ್ಬೇಕಾಗಿತ್ತಾ ಸಾರ್?”

ಆತ ಫೋನ್ ನೋಡುತ್ತ ಜೀಪು ಹತ್ತಿದ.

ಕೆಲವು ದಿನಗಳಲ್ಲಿ ಇಂಜಿನಿಯರ್ ತಾನಾಗಿಯೇ ಬಂದ. ಮುನಿಲಕ್ಷ್ಮಮ್ಮನ ಸ್ವಂತ ಮನೆಯ ಬಾಗಿಲಿಗೆ ನೋಟಿಸ್ ಅಂಟಿಸಿದ: ಶಿಥಿಲ ಕಟ್ಟಡ, ಗುಂಡಿಗೆ ಸಮೀಪ, ಕೂಡಲೇ ತೆರವುಗೊಳಿಸಿ. ಗುಂಡಿಗೆ ಮಾತ್ರ ಯಾವ ನೋಟಿಸೂ ಇರಲಿಲ್ಲ. ಅಲ್ಲಿ ಜೆಸಿಬಿ ಮತ್ತೆ ಗುರುಗುಟ್ಟುತ್ತಿತ್ತು.

“ಮುಂಜಾಗ್ರತೆಗೆ ಅಮ್ಮ, ನಿಮ್ಮ ಒಳ್ಳೇದಕ್ಕೇ,” ಎಂದ.

ಮುನಿಲಕ್ಷ್ಮಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಅವನ ಬೂಟಿನ ಪಕ್ಕಕ್ಕೆ ಉಗಿದರು. ಒಳಗೆ ಹೋಗಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದರು, ಕಹಿ ಹೋಗಲಿಲ್ಲ.

ಮಾರನೆಯ ದಿನ ಸೌಮ್ಯಳೊಂದಿಗೆ ಅಂಜನಾಪುರದ ಕಡೆ ಬಾಡಿಗೆ ಮನೆ ಹುಡುಕಲು ಹೊರಟರು. ಮಗು ಅವರ ಕಂಕುಳಲ್ಲಿತ್ತು.